ಕಲ್ಲಿನ ಎಣ್ಣೆ, ನಮ್ಮ ಜರಡಿ

ಅಜ್ಜಿ ಟ್ರಂಕು ತೆಗೆದಳೆಂದರೆ ನಡುಮನೆಯವರೆಗೂ ಡಾಂಬರು ಗುಳಿಗೆಯ ಘಾಟು ಬರುತ್ತಿತ್ತು. ರಸ್ತೆಗೆ ಹಾಕುವ ಡಾಂಬರು ಕಾಡಿಗೆಯಷ್ಟು ಕಪ್ಪು, ಗುಳಿಗೆ ನೋಡಿದರೆ ಕರ್ಪೂರದ ಹಾಗೆ ಬಿಳಿ. ಈ ಹೆಸರು ಯಾಕೆ ಬಂತೆಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ಕೇಳಬೇಕೆಂದು ನನಗೂ ಹೊಳೆದಿರಲಿಲ್ಲ. ಕಾಲೇಜಿಗೆ ಬಂದ ಮೇಲೆ ತಿಳಿದದ್ದು: ಆ ಗುಳಿಗೆ ನ್ಯಾಫ್ತಲೀನು, ಕಲ್ಲಿದ್ದಲನ್ನು ಗಾಳಿಯಾಡದಂತೆ ಕಾಯಿಸಿದಾಗ ಇಳಿಯುವ ಟಾರಿನಲ್ಲಿ, ಅಂದರೆ ಹಳೆಯ ಅರ್ಥದ ಡಾಂಬರಿನಲ್ಲಿ, ನೂರಕ್ಕೆ ಸುಮಾರು ಹತ್ತು ಪಾಲು ಅದೇ ಇರುತ್ತದೆ. ಈಗ ರಸ್ತೆಗೆ ಸುರಿಯುವ ಡಾಂಬರಿಗೂ ಕಲ್ಲಿದ್ದಲಿಗೂ ಸಂಬಂಧವಿಲ್ಲ, ಅದು ಪೆಟ್ರೋಲಿಯಂ ಸಂಸ್ಕರಿಸಿ ಉಳಿದ ಬಿಟುಮೆನ್. ಹುಟ್ಟಿನ ಗುರುತು ಹೆಸರಿನಲ್ಲಿ ಉಳಿದದ್ದು ಬಿಳಿ ಗುಳಿಗೆಗೇ.

ಬಚ್ಚಲಿಗೆ ಹಾಕುವ ಕಪ್ಪು ಫಿನಾಯಿಲೂ ಅದೇ ಟಾರಿನ ಇನ್ನೊಂದು ಮಗು, ಅದರಲ್ಲಿರುವುದು ಫೀನಾಲ್ ಜಾತಿಯ ಆಮ್ಲಗಳು. ಕುಡಿಯಲು ಬಾರದಂತೆ ಸ್ಪಿರಿಟ್ಟಿಗೆ ಬೆರೆಸುತ್ತಿದ್ದ, ಮೂಗು ಮುರಿಯುವ ವಾಸನೆಯ ಪಿರಿಡಿನ್ ಮೂರನೆಯದು, ಪ್ರತ್ಯಾಮ್ಲ. ನ್ಯಾಫ್ತಲೀನು ಅತ್ತ ಆಮ್ಲವೂ ಅಲ್ಲ, ಇತ್ತ ಪ್ರತ್ಯಾಮ್ಲವೂ ಅಲ್ಲ, ತಟಸ್ಥ. ಕಲ್ಲಿದ್ದಲಿನಿಂದ ತೆಗೆದ ಯಾವುದೇ ಎಣ್ಣೆಯನ್ನು ವಿಂಗಡಿಸುವ ಮೊದಲ ಮೂರು ಬುಟ್ಟಿಗಳು ಇವೇ. ನಾಲ್ಕನೆಯ, ಐದನೆಯ ಬುಟ್ಟಿ ಬೇಕಾದಾಗ ಜಗಳ ಶುರುವಾಗುತ್ತದೆ. ಯಾವ ಬುಟ್ಟಿ ಎಣ್ಣೆಯಲ್ಲೇ ಇರುವ ನಿಜವಾದ ವಿಂಗಡಣೆ, ಯಾವುದು ನಮ್ಮ ಜರಡಿಯ ಕಣ್ಣಿನಿಂದ ಹುಟ್ಟಿದ್ದು ಎಂಬ ಜಗಳ ಅದು. ಈ ಕ್ಷೇತ್ರದ ನೂರು ವರ್ಷದ ಚರಿತ್ರೆಯನ್ನು ನಾನು ಓದಿಕೊಂಡಿರುವುದು ಆ ಜಗಳದ ಚರಿತ್ರೆಯಾಗಿಯೇ.

ಮೊದಲು ಎಣ್ಣೆ ಬರುವ ಬಗೆ. ಸಾಧಾರಣ ಕಲ್ಲಿದ್ದಲಿನಲ್ಲಿ ಹತ್ತು ಇಂಗಾಲದ ಪರಮಾಣುಗಳಿಗೆ ಸುಮಾರು ಎಂಟು ಹೈಡ್ರೋಜನ್ ಪರಮಾಣುಗಳಿದ್ದರೆ ಕಚ್ಚಾ ತೈಲದಲ್ಲಿ ಹದಿನೇಳು ಹದಿನೆಂಟು. ಈ ಕೊರತೆ ತುಂಬಿದರೆ ಕಲ್ಲು ಎಣ್ಣೆಯಾಗುತ್ತದೆ. ಜರ್ಮನಿಯ ಫ್ರೀಡ್ರಿಶ್ ಬರ್ಗಿಯಸ್ 1913ರಲ್ಲಿ ಪೇಟೆಂಟ್ ಪಡೆದದ್ದು ಇದಕ್ಕೇ: ಪುಡಿ ಮಾಡಿದ ಕಲ್ಲಿದ್ದಲನ್ನು ಎಣ್ಣೆಯಲ್ಲಿ ಕಲಸಿ, ನಾನೂರು ಡಿಗ್ರಿಯ ಮೇಲೆ, ಇನ್ನೂರು ವಾಯುಭಾರದ ಆಸುಪಾಸಿನ ಒತ್ತಡದಲ್ಲಿ ಹೈಡ್ರೋಜನ್ ಉಣಿಸುವುದು. 1927ರಲ್ಲಿ ಲಾಯ್ನಾದ ಕಾರ್ಖಾನೆ ಕಂದು ಕಲ್ಲಿದ್ದಲಿನಿಂದ ಪೆಟ್ರೋಲ್ ತೆಗೆಯಿತು. 1931ರ ರಸಾಯನಶಾಸ್ತ್ರದ ನೊಬೆಲ್ ಬರ್ಗಿಯಸ್‌ಗೂ ಕಾರ್ಲ್ ಬಾಷ್‌ಗೂ ಹಂಚಿ ಬಂತು. ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಯ ವಿಮಾನಗಳು ಹಾರಿದ್ದು ಬಹುಪಾಲು ಈ ಎಣ್ಣೆಯಿಂದ. ಯುದ್ಧ ಮುಗಿದು ಅರಬರ ಅಗ್ಗದ ತೈಲ ಹರಿದು ಬಂದಾಗ ಎಲ್ಲರೂ ಇದನ್ನು ಮರೆತರು. 1973ರಲ್ಲಿ ತೈಲದ ಬೆಲೆ ಏರಿದ ಕೂಡಲೇ ಅಮೆರಿಕದವರು ಮತ್ತೆ ಹಳೆಯ ಕಡತ ಬಿಚ್ಚಿದರು. ವಾಷಿಂಗ್ಟನ್ ರಾಜ್ಯದ ಫೋರ್ಟ್ ಲೂಯಿಸ್, ಅಲಬಾಮಾದ ವಿಲ್ಸನ್‌ವಿಲ್, ಕೆಂಟಕಿಯ ಕ್ಯಾಟ್ಲೆಟ್ಸ್‌ಬರ್ಗ್, ಟೆಕ್ಸಾಸಿನ ಬೇಟೌನ್‌ಗಳಲ್ಲಿ ಪ್ರಾಯೋಗಿಕ ಘಟಕಗಳು ಎದ್ದವು. ನಾನು ಇಲ್ಲಿ ಹೇಳುವ ವಿಶ್ಲೇಷಣೆಯ ಬಹುಪಾಲು ಆ ಹತ್ತು ವರ್ಷಗಳ ಫಸಲು.

ಕಾದಾಗ ಕಲ್ಲಿದ್ದಲಿನ ದೊಡ್ಡ ಅಣುಗಳು ಹರಿದು ತುಂಡಾಗುತ್ತವೆ. ತುಂಡಿನ ತುದಿ ಹಸಿದಿರುತ್ತದೆ. ಆ ಗಳಿಗೆಯಲ್ಲಿ ಹೈಡ್ರೋಜನ್ ಸಿಕ್ಕರೆ ಎಣ್ಣೆ, ಸಿಗದಿದ್ದರೆ ಪಕ್ಕದ ತುಂಡಿಗೇ ಅಂಟಿ ಕೋಕ್. ಟೆಟ್ರಲಿನ್ ಎಂಬ ದ್ರಾವಕ ತನ್ನ ನಾಲ್ಕು ಹೈಡ್ರೋಜನ್‌ಗಳನ್ನು ದಾನ ಮಾಡಿ ತಾನು ನ್ಯಾಫ್ತಲೀನಾಗುತ್ತದೆ, ಅಂದರೆ ಅಜ್ಜಿಯ ಗುಳಿಗೆ. ಹೀಗೆ ಸಿಗುವ ದ್ರವ ಕಚ್ಚಾ ತೈಲದಂತಲ್ಲ. ಉದ್ದ ಸರಪಳಿಗಳು ಕಡಿಮೆ, ಉಂಗುರಗಳು ಹೆಚ್ಚು. ಜೊತೆಗೆ ಆಮ್ಲಜನಕ, ಸಾರಜನಕ, ಗಂಧಕ ಹೊತ್ತ ಅಣುಗಳ ದೊಡ್ಡ ಸಂತೆ.

ಇದನ್ನು ಬಿಡಿಸುವ ಹಳೆಯ ದಾರಿ ಬಟ್ಟಿ ಇಳಿಸುವುದು. ಫ್ರೀಡ್‌ಲೀಬ್ ರುಂಗೆ 1834ರಲ್ಲಿ ಟಾರಿನಿಂದ ಫೀನಾಲ್, ಅನಿಲಿನ್‌ಗಳನ್ನು ಬೇರ್ಪಡಿಸಿದ. ಲಂಡನ್ನಿನಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕ ಹಾಫ್‌ಮನ್‌ನ ಶಿಷ್ಯ ಚಾರ್ಲ್ಸ್ ಮ್ಯಾನ್ಸ್‌ಫೀಲ್ಡ್ ಟಾರನ್ನು ಕುದಿಬಿಂದುಗಳ ಪ್ರಕಾರ ಭಾಗ ಮಾಡುವ ಕ್ರಮ ಕಂಡುಹಿಡಿದು ಶುದ್ಧ ಬೆಂಜೀನ್ ತೆಗೆದ. 1855ರಲ್ಲಿ ಬಟ್ಟಿಪಾತ್ರೆ ಉಕ್ಕಿ ಬೆಂಕಿ ಹತ್ತಿತು. ಉರಿಯುತ್ತಿದ್ದ ಪಾತ್ರೆಯನ್ನು ಅವನು ಹೊತ್ತು ಹೊರಗೆ ತಂದ, ಸುಟ್ಟ ಗಾಯಗಳಿಂದ 35ರ ಪ್ರಾಯದಲ್ಲೇ ಸತ್ತ. ನಮ್ಮ ಕನ್ನಡ ನೆಲದಲ್ಲಿ ಕಲ್ಲಿದ್ದಲಿಲ್ಲ, ಆದರೆ ಇದೇ ವಿದ್ಯೆಯ ದಾಯಾದಿ ಭದ್ರಾವತಿಗೆ ಬಂದಿತ್ತು. 1923ರಲ್ಲಿ ಅಲ್ಲಿನ ಮೈಸೂರು ಕಬ್ಬಿಣದ ಕಾರ್ಖಾನೆ ಇದ್ದಿಲಿನಿಂದ ಕುಲುಮೆ ಉರಿಸಿದಾಗ ಕಾಡಿನ ಕಟ್ಟಿಗೆಯನ್ನು ಬಟ್ಟಿ ಇಳಿಸಿ ಮರದ ಟಾರು, ಮೀಥೈಲ್ ಆಲ್ಕೊಹಾಲ್, ಅಸಿಟೇಟುಗಳನ್ನು ತೆಗೆಯುತ್ತಿದ್ದರು.

ಬಟ್ಟಿಗೆ ಒಂದು ಮಿತಿ ಇದೆ. ದ್ರವೀಕರಿಸಿದ ಕಲ್ಲಿದ್ದಲಿನ ದೊಡ್ಡ ಪಾಲು ಕುದಿಯುವ ಮೊದಲೇ ಕೆಡುತ್ತದೆ. ಒತ್ತಡ ಇಳಿಸಿ ಎಷ್ಟೇ ನಾಜೂಕಾಗಿ ಕಾಯಿಸಿದರೂ ತಳದಲ್ಲಿ ಉಳಿದದ್ದು ಇಡುವಾಗ ಇದ್ದ ವಸ್ತುವಲ್ಲ. ಅಷ್ಟೇ ಅಲ್ಲದೆ ಒಂದೇ ಕುದಿಬಿಂದುವಿನ ಸುತ್ತ ಆಮ್ಲ, ಪ್ರತ್ಯಾಮ್ಲ, ತಟಸ್ಥ ಮೂರೂ ಕೂತಿರುತ್ತವೆ. ಹಾಗಾಗಿ ಮುಂದಿನ ಹೆಜ್ಜೆ ತೊಳೆಯುವುದು.

ತೊಳೆಯುವುದೆಂದರೆ ಪ್ರತ್ಯೇಕಿಸುವ ಆಲಿಕೆಯಲ್ಲಿ ಎಣ್ಣೆ ಹಾಕಿ ಕಾಸ್ಟಿಕ್ ಸೋಡಾ ನೀರಿನೊಂದಿಗೆ ಕುಲುಕುವುದು. ಫೀನಾಲುಗಳು ಲವಣವಾಗಿ ನೀರಿಗೆ ಇಳಿಯುತ್ತವೆ. ಆಮೇಲೆ ನೀರು ಬೆರೆಸಿ ತೆಳುವಾಗಿಸಿದ ಗಂಧಕಾಮ್ಲದಿಂದ ಕುಲುಕಿದರೆ ಪಿರಿಡಿನ್, ಕ್ವಿನೊಲಿನ್‌ಗಳು ಇಳಿಯುತ್ತವೆ. ಉಳಿದದ್ದು ತಟಸ್ಥ. ಪುಸ್ತಕದಲ್ಲಿ ಇದು ಮೂರು ಸಾಲು. ನಾನು ಎಂ.ಎಸ್ಸಿ. ಪ್ರಯೋಗಾಲಯದಲ್ಲಿ ಇದನ್ನು ಟಾರಿನ ಎಣ್ಣೆಯ ಮೇಲೆ ಮಾಡಿದಾಗ ಆತುರದಲ್ಲಿ ಜೋರಾಗಿ ಕುಲುಕಿದೆ. ಎರಡು ಪದರವಾಗಬೇಕಿದ್ದದ್ದು ಕಾಫಿ ಡಿಕಾಕ್ಷನ್ನಿನ ಮೇಲಿನ ನೊರೆಯಂತೆ ಕಂದು ಗೊಜ್ಜಾಗಿ ನಿಂತಿತು. ಉಪ್ಪು ಹಾಕಿದೆ, ಕಾದೆ, ಕೊನೆಗೆ ರಾತ್ರಿಯಿಡೀ ಸ್ಟ್ಯಾಂಡಿಗೆ ನೇತುಹಾಕಿ ಬಂದೆ. ಬೆಳಿಗ್ಗೆ ನಡುವೆ ಒಂದು ಬೆರಳು ದಪ್ಪದ ಕರಿ ಕೆನೆ ಇನ್ನೂ ಇತ್ತು. ಅದನ್ನು ಯಾವ ಕಡೆಗೆ ಸೇರಿಸಲಿ ಎಂದು ಮೇಷ್ಟ್ರನ್ನು ಕೇಳಿದರೆ, “ನಿನ್ನ ಇಷ್ಟ, ಆದರೆ ಬರೆದಿಡು” ಅಂದರು. ಆಗ ಅದು ತಮಾಷೆಯೆನ್ನಿಸಿತ್ತು. ಪ್ರಕಟವಾದ ಲೇಖನಗಳನ್ನು ಓದತೊಡಗಿದ ಮೇಲೆ ತಿಳಿಯಿತು, ಆ ಕೆನೆ ಎಲ್ಲರಿಗೂ ಬರುತ್ತದೆ, ಬರೆದಿಡುವವರು ಮಾತ್ರ ಕಡಿಮೆ.

ತೊಳೆಯುವುದರಲ್ಲಿ ಇನ್ನೊಂದು ಮೋಸವಿದೆ. ಫೀನಾಲಿನ ಆಮ್ಲ ಗುಂಪಿನ ಎರಡೂ ಪಕ್ಕಕ್ಕೆ ದಪ್ಪ ಇಂಗಾಲದ ಗುಂಪುಗಳು ಕೂತರೆ ಅದು ಕಾಸ್ಟಿಕ್‌ಗೆ ಸಿಗುವುದಿಲ್ಲ, ಆಮ್ಲವಾಗಿದ್ದೂ ತಟಸ್ಥರ ಪಂಕ್ತಿಯಲ್ಲಿ ಊಟಕ್ಕೆ ಕೂರುತ್ತದೆ. ಕಾರ್ಬಜೋಲ್‌ನಲ್ಲಿ ಸಾರಜನಕವಿದೆ, ಆದರೆ ಅದರ ಎಲೆಕ್ಟ್ರಾನು ಜೋಡಿ ಉಂಗುರದೊಳಗೆ ಸೇರಿಹೋಗಿರುವುದರಿಂದ ಪ್ರತ್ಯಾಮ್ಲದ ಗುಣವಿಲ್ಲ, ಗಂಧಕಾಮ್ಲ ಅದನ್ನು ಮುಟ್ಟುವುದಿಲ್ಲ. “ಸಾರಜನಕದ ಸಂಯುಕ್ತಗಳನ್ನು ತೆಗೆದಾಯಿತು” ಎಂದು ಬರೆದವನು ಅರ್ಧ ಸಾರಜನಕವನ್ನು ಎಣ್ಣೆಯಲ್ಲೇ ಬಿಟ್ಟಿರಬಹುದು. ಮುಂದೆ ಅಮೆರಿಕದ ಗಣಿ ಇಲಾಖೆಯವರೂ ಪೆಟ್ರೋಲಿಯಂ ಸಂಸ್ಥೆಯವರೂ ಸೇರಿ ಭಾರಿ ತೈಲಕ್ಕೆಂದು ರೂಪಿಸಿದ ಕ್ರಮವನ್ನು ಕಲ್ಲಿದ್ದಲಿನ ಎಣ್ಣೆಗೂ ಒಗ್ಗಿಸಿದರು. ಆಮ್ಲ, ಪ್ರತ್ಯಾಮ್ಲಗಳನ್ನು ಅಯಾನು ವಿನಿಮಯದ ರಾಳಗಳಲ್ಲಿ ಹಿಡಿದು, ಈ ತಟಸ್ಥ ಸಾರಜನಕವನ್ನು ಫೆರಿಕ್ ಕ್ಲೋರೈಡಿನಿಂದ ಕಟ್ಟಿಹಾಕುವ ಕ್ರಮ ಅದು. ಗೊಜ್ಜಿನ ಕಾಟ ತಪ್ಪಿತು, ಕೆಲಸ ಮಾತ್ರ ವಾರಗಟ್ಟಲೆ.

ಬಟ್ಟಿಗೂ ಬಾರದ, ತೊಳೆತಕ್ಕೂ ಸಿಗದ ಭಾರಿ ಭಾಗಕ್ಕೆ ಎಲ್ಲರೂ ಹಿಡಿದ ದಾರಿ ದ್ರಾವಕಗಳದು. ಕ್ರಮ ಸರಳ. ಹೆಕ್ಸೇನಿನಲ್ಲಿ ಕರಗಿದ್ದು ‘ಎಣ್ಣೆ’. ಹೆಕ್ಸೇನಿನಲ್ಲಿ ಕರಗದೆ ಬೆಂಜೀನಿನಲ್ಲಿ ಕರಗಿದ್ದು ‘ಆಸ್ಫಾಲ್ಟೀನ್’. ಬೆಂಜೀನಿನಲ್ಲೂ ಕರಗದೆ ಪಿರಿಡಿನ್‌ನಲ್ಲಿ ಕರಗಿದ್ದು ‘ಪ್ರಿ-ಆಸ್ಫಾಲ್ಟೀನ್’. ಯಾವುದಕ್ಕೂ ಜಗ್ಗದ್ದು ಬೂದಿ, ಬದಲಾಗದ ಕಲ್ಲಿದ್ದಲು. ಸಾಕ್ಸ್‌ಲೆಟ್ ಉಪಕರಣದ ಕಾಗದದ ತೊಟ್ಟಿಯಲ್ಲಿ ಕರಿ ಪುಡಿ ತುಂಬಿ, ಕೆಳಗೆ ದ್ರಾವಕ ಕುದಿಸಿದರೆ, ಮೇಲಿಂದ ತೊಟ್ಟಿಕ್ಕಿ, ತುಂಬಿ, ಗಳಕ್ಕನೆ ಇಳಿಯುತ್ತದೆ. ಮೊದಲು ಕಷಾಯದಂತೆ, ಆಮೇಲೆ ಚಹಾದಂತೆ, ಕೊನೆಗೆ ನೀರಿನಂತೆ. ನೀರಿನಂತಾಯಿತೆಂದು ಯಾರು ಯಾವಾಗ ನಿರ್ಧರಿಸುತ್ತಾರೆ ಎಂಬುದರ ಮೇಲೆ ನೂರಕ್ಕೆ ಒಂದೆರಡು ಪಾಲು ಆಚೀಚೆ ಆಗುತ್ತದೆ.

ಇಲ್ಲಿ ನಿಂತು ನೋಡಬೇಕು. ಆಸ್ಫಾಲ್ಟೀನ್ ಎಂಬ ಹೆಸರನ್ನು 1837ರಲ್ಲಿ ಫ್ರಾನ್ಸಿನ ರಸಾಯನಜ್ಞ ಬೂಸಂಗೋ ಕೊಟ್ಟದ್ದು ನೆಲದ ಬಿಟುಮೆನ್ನಿನ ಒಂದು ಭಾಗಕ್ಕೆ. ಅದು ಯಾವುದೇ ವಸ್ತುವಿನ ಹೆಸರಲ್ಲ, ಎರಡು ದ್ರಾವಕಗಳು ಕೊಟ್ಟ ಎರಡು ಉತ್ತರಗಳ ನಡುವಿನ ಜಾಗದ ಹೆಸರು. ಹೆಕ್ಸೇನಿನ ಬದಲು ಪೆಂಟೇನ್ ಹಾಕಿ, ಆಸ್ಫಾಲ್ಟೀನ್ ಹೆಚ್ಚುತ್ತದೆ. ಹೆಪ್ಟೇನ್ ಹಾಕಿ, ಇಳಿಯುತ್ತದೆ. ಬೆಂಜೀನು ವಿಷವೆಂದು ಟೊಲುಯಿನ್‌ಗೆ, ಪಿರಿಡಿನ್ ನಾತವೆಂದು ಟೆಟ್ರಾಹೈಡ್ರೋಫ್ಯೂರಾನ್‌ಗೆ ಎಲ್ಲರೂ ಸರಿದ ಮೇಲೆ ಹಳೆಯ ಅಂಕಿ ಹೊಸ ಅಂಕಿಗಳನ್ನು ಅಕ್ಕಪಕ್ಕ ಇಡುವ ಹಾಗಿಲ್ಲ. ಪಿರಿಡಿನ್‌ಗಂತೂ ಒಮ್ಮೆ ಒಳಹೊಕ್ಕರೆ ಹೊರಡುವ ಬುದ್ಧಿಯೇ ಇಲ್ಲ. ಪ್ರಿ-ಆಸ್ಫಾಲ್ಟೀನಿಗೆ ಅಂಟಿ ಕೂತು ತೂಕ ಏರಿಸುತ್ತದೆ. ಎಲ್ಲ ಭಾಗಗಳನ್ನು ಕೂಡಿದರೆ ನೂರಕ್ಕೆ ನೂರನ್ನೂ ದಾಟುವುದು ಇದರಿಂದಲೇ. ಇನ್ನೊಂದು ಕಡೆ ಹೆಕ್ಸೇನ್ ಆರಿಸುವಾಗ ಹಗುರ ಎಣ್ಣೆ ಅದರ ಜೊತೆಗೇ ಹಾರಿಹೋಗುತ್ತದೆ. ಎರಡು ತಪ್ಪು ಒಂದನ್ನೊಂದು ಸರಿದೂಗಿಸಿ 99.8 ಎಂದು ಬಂದರೆ ನಮಗೆ ಸಂತೋಷ. ಇಂಥ ಚೊಕ್ಕ ಮೊತ್ತ ಕಂಡರೆ ನನಗೆ ಮೊದಲು ಬರುವುದು ಅನುಮಾನ.

ಹೆಸರು ಒಂದೇ ಆದರೂ ಜಾತಿ ಬೇರೆ ಎಂಬುದನ್ನೂ ಮರೆಯಬಾರದು. ಪೆಟ್ರೋಲಿಯಂ ಆಸ್ಫಾಲ್ಟೀನಿನ ಉಂಗುರಗಳ ಸುತ್ತ ಉದ್ದ ಬಾಲಗಳಿರುತ್ತವೆ, ಅಣುವೂ ದೊಡ್ಡದು. ಕಲ್ಲಿದ್ದಲಿನದು ಚಿಕ್ಕದು, ಬಾಲ ಮೊಟಕು, ಫೀನಾಲ್ ಗುಂಪು ಹೆಚ್ಚು. 1975ರಲ್ಲಿ ಹೈನ್ಜ್ ಸ್ಟರ್ನ್‌ಬರ್ಗ್ ಮತ್ತು ಸಂಗಡಿಗರು ‘ಸೈನ್ಸ್’ ಪತ್ರಿಕೆಯಲ್ಲಿ ಸೊಗಸಾದ ಒಂದು ಪ್ರಯೋಗ ಪ್ರಕಟಿಸಿದರು. ಕಲ್ಲಿದ್ದಲಿನ ಆಸ್ಫಾಲ್ಟೀನನ್ನು ಟೊಲುಯಿನ್‌ನಲ್ಲಿ ಕರಗಿಸಿ ಒಣ ಹೈಡ್ರೋಜನ್ ಕ್ಲೋರೈಡ್ ಅನಿಲ ಹಾಯಿಸಿದರೆ ಪ್ರತ್ಯಾಮ್ಲ ಭಾಗ ಒತ್ತರಿಸಿ ಕೆಳಗೆ ಬೀಳುತ್ತದೆ, ಆಮ್ಲ ಭಾಗ ಮೇಲೆ ಉಳಿಯುತ್ತದೆ. ಅಂದರೆ ಆಸ್ಫಾಲ್ಟೀನೆಂದು ಕರೆಯುತ್ತಿದ್ದದ್ದು ಫೀನಾಲ್ ಗುಂಪಿನ ಅಣುವೂ ಪಿರಿಡಿನ್ ಗುಂಪಿನ ಅಣುವೂ ಹೈಡ್ರೋಜನ್ ಬಂಧದಿಂದ ಕೈಕೈ ಹಿಡಿದ ಜೋಡಿ ಎಂಬುದು ಅವರ ವಾದ. ಬಿಡಿಸಿದರೆ ಒಂದೊಂದೂ ಅಷ್ಟು ಕರಗದ ಪ್ರಾಣಿಯಲ್ಲ. ಈ ಎಣ್ಣೆ ಯಾಕೆ ಇಷ್ಟು ಗಟ್ಟಿ, ಪಂಪಿಗೆ ಯಾಕೆ ಬಗ್ಗುವುದಿಲ್ಲ ಎಂಬುದಕ್ಕೂ ಅದರಲ್ಲಿ ಒಂದು ವಿವರಣೆ ಸಿಕ್ಕಿತು. ಒಂದೇ ಅಣುವಿನಲ್ಲಿ ಎರಡೂ ಗುಂಪು ಇರುವವು ಬೇಕಾದಷ್ಟಿವೆ, ಇಷ್ಟು ನೇರವಾಗಿ ಎರಡು ಪಾಲಾಗುವುದಿಲ್ಲ ಎಂದು ಬೇರೆಯವರು ಆಕ್ಷೇಪಿಸಿದರು. ಆಕ್ಷೇಪ ಸರಿಯೇ. ಆದರೂ ‘ವಸ್ತು’ ಎಂದುಕೊಂಡಿದ್ದದ್ದನ್ನು ‘ನೆಂಟಸ್ತಿಕೆ’ ಎಂದು ತೋರಿಸಿದ ಆ ಪ್ರಯೋಗ ಈ ಕ್ಷೇತ್ರದಲ್ಲಿ ನನಗೆ ಅತ್ಯಂತ ಇಷ್ಟವಾದದ್ದು.

ಇಷ್ಟೆಲ್ಲ ಬೇರ್ಪಡಿಸುವ ಗೋಜು ಯಾಕೆ, ಉರಿಸುವ ಎಣ್ಣೆಯಲ್ಲವೇ ಎನ್ನಬಹುದು. ಒಂದು ಕಾರಣ ಕಾರ್ಖಾನೆಯದು: ಸಾರಜನಕ ವೇಗವರ್ಧಕಗಳನ್ನು ಮಂಕು ಮಾಡುತ್ತದೆ, ಫೀನಾಲುಗಳಿಂದ ಎಣ್ಣೆ ಡ್ರಮ್ಮಿನಲ್ಲೇ ಕಪ್ಪಾಗಿ ಅಂಟಾಗುತ್ತದೆ. ಇನ್ನೊಂದು ಕಾರಣ ಮನುಷ್ಯರ ಚರ್ಮದ್ದು. 1775ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ ಚಿಮಣಿ ಗುಡಿಸುವವರ ಕ್ಯಾನ್ಸರಿಗೆ ಮಸಿಯನ್ನು ಹೊಣೆ ಮಾಡಿದ್ದ. 1915ರಲ್ಲಿ ಜಪಾನಿನ ಯಮಾಗಿವಾ, ಇಚಿಕಾವಾ ಮೊಲದ ಕಿವಿಗೆ ತಿಂಗಳುಗಟ್ಟಲೆ ಟಾರು ಸವರಿ ಗೆಡ್ಡೆ ಬರಿಸಿ ತೋರಿಸಿದರು. ಟಾರಿನೊಳಗೆ ಯಾವುದು? ಲಂಡನ್ನಿನ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಕೆನವೇ ತಂಡದವರು ಅದರ ಬೆನ್ನು ಹತ್ತಿದರು. ಹೀಗರ್ ಎಂಬವರು ಕ್ಯಾನ್ಸರ್‌ಕಾರಕ ಟಾರುಗಳೆಲ್ಲ ನೇರಳಾತೀತ ಬೆಳಕಿನಲ್ಲಿ ಒಂದೇ ಬಗೆಯ ಹೊಳಪಿನ ಪಟ್ಟೆಗಳನ್ನು ಬೀರುತ್ತವೆಂದು ಗಮನಿಸಿದರು. ಆ ಹೊಳಪೇ ದಾರಿದೀಪ. ಗ್ಯಾಸ್ ಕಾರ್ಖಾನೆಯಿಂದ ತಂದ ಎರಡು ಟನ್ ಪಿಚ್ ಅನ್ನು, ಅಂದರೆ ಟಾರು ಬಟ್ಟಿಯಿಳಿಸಿ ಉಳಿದ ಕರಿ ಗಟ್ಟಿಯನ್ನು, ಬಟ್ಟಿಯಿಳಿಸಿ, ತೊಳೆದು, ಹರಳುಗಟ್ಟಿಸಿ, ಪ್ರತಿ ಹಂತದಲ್ಲೂ ಹೊಳಪು ಯಾವ ಪಾತ್ರೆಗೆ ಹೋಯಿತೆಂದು ನೋಡುತ್ತ ಹೋದರು. 1933ರಲ್ಲಿ ಕುಕ್, ಹ್ಯೂವೆಟ್, ಹೀಗರ್ ಪ್ರಕಟಿಸಿದಾಗ ಕೈಯಲ್ಲಿದ್ದದ್ದು ಕೆಲವೇ ಗ್ರಾಂ ಹಳದಿ ಹರಳು, ಐದು ಉಂಗುರಗಳ ಬೆಂಜೊ-ಎ-ಪೈರೀನ್.

ಅದೇ ಪಿಚ್ಚಿನಲ್ಲಿ ಅದರ ಅವಳಿಯೂ ಸಿಕ್ಕಿತು, ಬೆಂಜೊ-ಇ-ಪೈರೀನ್. ಇಪ್ಪತ್ತು ಇಂಗಾಲ, ಹನ್ನೆರಡು ಹೈಡ್ರೋಜನ್, ಅಣುತೂಕ 252, ಎರಡಕ್ಕೂ ಒಂದೇ. ಒಂದು ಉಂಗುರ ಕೂತ ಜಾಗ ಮಾತ್ರ ಬೇರೆ. ಒಂದು ಪ್ರಬಲ ಕ್ಯಾನ್ಸರ್‌ಕಾರಕ, ಇನ್ನೊಂದು ಹೆಚ್ಚುಕಡಿಮೆ ಸಾಧು. ತೂಕ ಅಳೆಯುವ ಯಂತ್ರದ ಮಾತನ್ನಷ್ಟೇ ನಂಬಿದವನಿಗೆ ಇವೆರಡೂ ಒಂದೇ.

1950ರ ದಶಕದಲ್ಲಿ ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿ ಇನ್‌ಸ್ಟಿಟ್ಯೂಟ್ ಎಂಬ ಹೆಸರಿನ ಊರಿನ ದ್ರವೀಕರಣ ಘಟಕದ ಕಾರ್ಮಿಕರ ಚರ್ಮದಲ್ಲಿ ಗಂಟುಗಳೂ ಕ್ಯಾನ್ಸರೂ ಕಾಣಿಸಿಕೊಂಡಿದ್ದವು. ಹಾಗಾಗಿ ಎಪ್ಪತ್ತರ ದಶಕದ ಎಣ್ಣೆಗಳನ್ನು ಮೊದಲಿನಿಂದಲೇ ಜೀವಪರೀಕ್ಷೆಗೆ ಒಡ್ಡಿದರು. ಬ್ರೂಸ್ ಏಮ್ಸ್ ರೂಪಿಸಿದ, ವಂಶವಾಹಿ ಕೆಡಿಸುವ ವಸ್ತುಗಳನ್ನು ಹಿಡಿಯುವ ಬ್ಯಾಕ್ಟೀರಿಯಾ ಪರೀಕ್ಷೆ ಒಳ್ಳೆಯ ಸಮಯಕ್ಕೆ ಒದಗಿತ್ತು. ಬೇರ್ಪಡಿಸುವ ಕೆಲಸಕ್ಕೆ ಯೂಟಾದ ಮಿಲ್ಟನ್ ಲೀ ಬಳಗ, ಡಗ್ಲಸ್ ಲೇಟರ್ ಮೊದಲಾದವರು, 1981ರಲ್ಲಿ ಕೊಟ್ಟ ಕ್ರಮ ಹೆಸರಾಯಿತು. ಎಣ್ಣೆಯನ್ನು ಅಲ್ಯುಮಿನಾ ಪುಡಿಗೆ ಹೀರಿಸಿ, ಒಣಗಿಸಿ, ಗಾಜಿನ ಕೊಳವೆಯಲ್ಲಿ ತುಂಬಿದ ಹೊಸ ಅಲ್ಯುಮಿನಾದ ತಲೆಯ ಮೇಲೆ ಉದುರಿಸುವುದು. ಹೆಕ್ಸೇನ್ ಸುರಿದರೆ ಸರಪಳಿಗಳು, ಬೆಂಜೀನ್ ಸುರಿದರೆ ಉಂಗುರಗಳು, ಕ್ಲೋರೋಫಾರ್ಮ್ ಸುರಿದರೆ ಸಾರಜನಕದವು, ಕೊನೆಯಲ್ಲಿ ಟೆಟ್ರಾಹೈಡ್ರೋಫ್ಯೂರಾನ್ ಸುರಿದರೆ ಫೀನಾಲುಗಳು. ಒಂದು ಮಧ್ಯಾಹ್ನದ ಕೆಲಸ, ಚಿಟಿಕೆಯಷ್ಟು ಎಣ್ಣೆ ಸಾಕು. ಇಂಥ ಭಾಗಗಳನ್ನು ವಾಷಿಂಗ್ಟನ್ ರಾಜ್ಯದ ಪೆಸಿಫಿಕ್ ನಾರ್ತ್‌ವೆಸ್ಟ್ ಪ್ರಯೋಗಾಲಯದಲ್ಲಿ ಬ್ಯಾಕ್ಟೀರಿಯಾಗಳಿಗೆ ಕೊಟ್ಟಾಗ ಎಲ್ಲರೂ ಕಾದಿದ್ದದ್ದು ಬೆಂಜೊ-ಎ-ಪೈರೀನ್ ಸದ್ದು ಮಾಡುತ್ತದೆಂದು. ಸದ್ದು ಮಾಡಿದ್ದು ತೂಕದಲ್ಲಿ ತೀರಾ ಸಣ್ಣದಾದ ಸಾರಜನಕ ಭಾಗ, ಅದರೊಳಗಿನ ಅಮಿನೊ ಗುಂಪು ಹೊತ್ತ ಉಂಗುರಗಳು. ಎಣ್ಣೆಗೆ ಇನ್ನೊಂದು ಸುತ್ತು ಹೈಡ್ರೋಜನ್ ಉಣಿಸಿದರೆ ಅವು ಬಹುಮಟ್ಟಿಗೆ ಅಡಗುತ್ತವೆ ಎಂಬುದೂ ಅಲ್ಲೇ ತಿಳಿಯಿತು. ವಿಂಗಡಣೆಯಿಂದ ಮನುಷ್ಯರಿಗೆ ಆದ ನೇರ ಉಪಕಾರವೆಂದರೆ ಇದನ್ನೇ ತೋರಿಸುತ್ತೇನೆ.

ಯಂತ್ರಗಳ ಕಥೆ ಇಷ್ಟು ಹೊತ್ತು ಹಿಡಿಯಬೇಕಾಗಿಲ್ಲ. 1979ರಲ್ಲಿ ಬಂದ ಸಿಲಿಕಾ ಎಳೆಯ ಸಪೂರ ಕೊಳವೆಗಳಿಂದ ಗ್ಯಾಸ್ ಕ್ರೊಮಟೋಗ್ರಫಿ ಹರಿತವಾಯಿತು. 1991ರಲ್ಲಿ ಜಾನ್ ಫಿಲಿಪ್ಸ್ ಎರಡು ಕೊಳವೆ ಜೋಡಿಸಿ ಒಂದು ಸಾಲಿನ ಶಿಖರಗಳನ್ನು ಭೂಪಟದಂತೆ ಹರಡಿದರು. ಚೆಂದದ ಚಿತ್ರಗಳು. ಆದರೆ ಆವಿಯಾಗದ್ದು ಕೊಳವೆಯೊಳಗೆ ಹೋಗುವುದೇ ಇಲ್ಲ. ‘ಎಣ್ಣೆಯಲ್ಲಿ ಇಷ್ಟು ಶೇಕಡಾ ಫೀನಾಂತ್ರೀನ್’ ಎಂದು ಓದಿದಾಗ, ಒಳಹೊಕ್ಕ ಭಾಗದ ಶೇಕಡಾವೋ ಇಡೀ ಎಣ್ಣೆಯದೋ ಎಂದು ಕೇಳಲೇಬೇಕು.

ಆವಿಯಾಗದ್ದಕ್ಕೆ, ಕಾಂತಕ್ಷೇತ್ರದಲ್ಲಿಟ್ಟು ಪರಮಾಣುಗಳ ನೆರೆಹೊರೆ ಓದುವ ಎನ್‌ಎಂಆರ್ ಇದೆ. ಬ್ರೌನ್ ಮತ್ತು ಲ್ಯಾಡ್ನರ್ 1960ರಲ್ಲಿ ಹೈಡ್ರೋಜನ್‌ಗಳು ಉಂಗುರದ ಮೇಲೆಷ್ಟು, ಪಕ್ಕದ ಇಂಗಾಲದ ಮೇಲೆಷ್ಟು, ಬಾಲದ ತುದಿಯಲ್ಲೆಷ್ಟು ಎಂದು ಎಣಿಸಿ ಇಂಗಾಲದ ಎಷ್ಟು ಪಾಲು ಉಂಗುರದಲ್ಲಿದೆ ಎಂದು ಲೆಕ್ಕ ಹಾಕುವ ಸೂತ್ರ ಕೊಟ್ಟರು. ಆ ಲೆಕ್ಕದಿಂದ ಮುಂದೆ ಹೋಗಿ ಹಲವರು ‘ಸರಾಸರಿ ಅಣು’ವಿನ ಚಿತ್ರ ಬರೆದರು. ಜಾತ್ರೆಗೆ ಬಂದವರ ಸರಾಸರಿ ವಯಸ್ಸು ಮೂವತ್ತೆರಡು ಎಂದು ತಿಳಿದುಕೊಂಡು ಬೆಂಡು ಬತ್ತಾಸು ಮಾರುವವನು ಮಕ್ಕಳೇ ಬಂದಿಲ್ಲವೆಂದು ಅಂಗಡಿ ಮುಚ್ಚಿಯಾನೆ? ಆ ಚಿತ್ರಗಳಿಗೆ ನನ್ನ ಗೌರವ ಅಷ್ಟಕ್ಕಷ್ಟೆ. ಅಣುತೂಕದ ವಿಷಯವೂ ಹಾಗೆ. ದ್ರಾವಕ ಬದಲಾದರೆ ಅಂಕಿ ಬದಲಾಗುತ್ತದೆ, ದ್ರಾವಣ ತೆಳುವಾದರೆ ಇಳಿಯುತ್ತದೆ. ಅಣುವೇ ದೊಡ್ಡದೋ ಸಣ್ಣವು ಗುಂಪುಗೂಡಿವೆಯೋ ಎಂಬ ಸ್ಟರ್ನ್‌ಬರ್ಗ್ ಕಾಲದ ಪ್ರಶ್ನೆ ಹೊಸ ಅಂಗಿ ತೊಟ್ಟು ಬರುತ್ತಲೇ ಇದೆ.

1974ರಲ್ಲಿ ಕಾಮಿಸರೋ ಮತ್ತು ಮಾರ್ಷಲ್ ಕಂಡುಹಿಡಿದ, ಸಂಕ್ಷಿಪ್ತವಾಗಿ ಎಫ್‌ಟಿ-ಐಸಿಆರ್ ಎನ್ನುವ, ಅಣುವಿನ ತೂಕ ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರ್ ಈಗ ಈ ಕ್ಷೇತ್ರದ ದೊಡ್ಡ ಯಂತ್ರ. ಮೂರು ಇಂಗಾಲಕ್ಕೂ, ಒಂದು ಗಂಧಕ ನಾಲ್ಕು ಹೈಡ್ರೋಜನ್‌ಗೂ ಇರುವ 0.0034 ಘಟಕದ ವ್ಯತ್ಯಾಸವನ್ನೂ ಅದು ಹಿಡಿಯುತ್ತದೆ. ಒಂದೇ ಮಾದರಿಯಲ್ಲಿ ಸಾವಿರಾರು ಅಣುಸೂತ್ರಗಳು. ಕೊನೆಗೂ ಜರಡಿ ಇಲ್ಲದ ಯಂತ್ರ ಬಂತೆಂದು ಖುಷಿಪಡುವ ಹೊತ್ತಿಗೆ ತಿಳಿಯುವುದು, ಅಣುವಿಗೆ ವಿದ್ಯುದಂಶ ಹತ್ತದಿದ್ದರೆ ಯಂತ್ರಕ್ಕೆ ಅದು ಕಾಣುವುದಿಲ್ಲ ಎಂಬುದು. ಎಲೆಕ್ಟ್ರೋಸ್ಪ್ರೇ ಹಚ್ಚಿದರೆ ಆಮ್ಲ, ಪ್ರತ್ಯಾಮ್ಲಗಳು ಮುಂದೆ ಬರುತ್ತವೆ, ಬರಿಯ ಉಂಗುರಗಳು ಮರೆಯಾಗುತ್ತವೆ. ಬೆಳಕಿನಿಂದ ಅಯಾನು ಮಾಡಿದರೆ ಉಂಗುರಗಳು ಮುಂದೆ. ಅಲ್ಲದೆ ಮೇಲೆ ಹೇಳಿದ ಅವಳಿಗಳು ಇದಕ್ಕೂ ಒಂದೇ ಸೂತ್ರ.

ಇಂದು ನೇರ ದ್ರವೀಕರಣ ದೊಡ್ಡ ಪ್ರಮಾಣದಲ್ಲಿ ನಡೆಯುವುದು ಚೀನಾದ ಒಳ ಮಂಗೋಲಿಯಾದ ಓರ್ಡೋಸ್‌ನಲ್ಲಿ. 2008ರ ಕೊನೆಯಲ್ಲಿ ಶುರುವಾದ ಆ ಕಾರ್ಖಾನೆಯ ಸಾಮರ್ಥ್ಯ ವರ್ಷಕ್ಕೆ ಸುಮಾರು 10 ಲಕ್ಷ ಟನ್ ಎಣ್ಣೆ. ಹಿಂದೆ ಶಾಪವೆನ್ನಿಸಿದ್ದ ಉಂಗುರಗಳು ಹೈಡ್ರೋಜನ್ ತುಂಬಿಕೊಂಡರೆ ಶಾಖಕ್ಕೆ ಕೆಡದ ವಿಮಾನ ಇಂಧನವಾಗುತ್ತವೆ ಎಂದು ಪೆನ್ಸಿಲ್ವೇನಿಯಾದಲ್ಲಿ ಹೆರಾಲ್ಡ್ ಶೋಬರ್ಟ್ ತಂಡ ತೋರಿಸಿದೆ. ದಕ್ಷಿಣ ಆಫ್ರಿಕಾದ ಸಾಸೋಲ್ 1955ರಿಂದ ಹಿಡಿದದ್ದು ಬೇರೆ ದಾರಿ, ಕಲ್ಲಿದ್ದಲನ್ನು ಮೊದಲು ಅನಿಲ ಮಾಡಿ ಆಮೇಲೆ ಎಣ್ಣೆ ಕಟ್ಟುವುದು. ಅದರಲ್ಲಿ ಬಹುಪಾಲು ನೇರ ಸರಪಳಿಗಳಿರುವುದರಿಂದ ವಿಶ್ಲೇಷಕನಿಗೆ ನಿದ್ದೆ ಕೆಡುವುದಿಲ್ಲ. ಭಾರತದ ಹೆಚ್ಚಿನ ಕಲ್ಲಿದ್ದಲಿನಲ್ಲಿ ನೂರಕ್ಕೆ ಮೂವತ್ತು ನಲವತ್ತು ಪಾಲು ಬೂದಿ, ನೇರ ದ್ರವೀಕರಣಕ್ಕೆ ಒಗ್ಗದು. 2030ರ ವೇಳೆಗೆ 10 ಕೋಟಿ ಟನ್ ಅನಿಲೀಕರಣದ ಗುರಿ ಇಟ್ಟಿರುವ ಸರ್ಕಾರದ ಒಲವು ಸಾಸೋಲಿನ ದಾರಿಯತ್ತ. ಬೂದಿ ಕಡಿಮೆ, ಗಂಧಕ ಹೆಚ್ಚಿರುವ ಅಸ್ಸಾಮಿನ ಕಲ್ಲಿದ್ದಲು ಇದಕ್ಕೆ ಹೊರತು. ಧನಬಾದಿನ ಇಂಧನ ಸಂಶೋಧನಾ ಸಂಸ್ಥೆಯೂ ದುಲಿಯಾಜಾನಿನ ಆಯಿಲ್ ಇಂಡಿಯಾವೂ ನೇರ ದ್ರವೀಕರಣದ ಪ್ರಯೋಗ ಮಾಡಿದ್ದು ಅದರ ಮೇಲೆ.

ಅಲ್ಯುಮಿನಾ ಕೊಳವೆಯ ಹತ್ತಿರ ಮತ್ತೆ ಹೋಗೋಣ. ನಾಲ್ಕೂ ದ್ರಾವಕ ಸುರಿದು, ನಾಲ್ಕೂ ಪಾತ್ರೆ ತೂಕ ಮಾಡಿ, ವರದಿ ಬರೆದ ಮೇಲೂ ಕೊಳವೆಯ ತಲೆಯಲ್ಲಿ ಒಂದು ಕರಿ ಬಳೆ ಉಳಿದಿರುತ್ತದೆ. ಕಿರುಬೆರಳ ಉಗುರಿನಷ್ಟು ದಪ್ಪ. ಮೆಥನಾಲ್ ಹಾಕಿ, ಪಿರಿಡಿನ್ ಹಾಕಿ, ಅಂಚು ಸ್ವಲ್ಪ ಮಸುಕಾಗುತ್ತದೆ, ಬಳೆ ಹಾಗೇ ಇರುತ್ತದೆ. ಪಟ್ಟಿಯ ಕೊನೆಯ ಸಾಲಿನಲ್ಲಿ ಅದಕ್ಕೆ ‘ನಷ್ಟ’ ಎಂದು ಹೆಸರು. ಸಂಜೆ ಕೊಳವೆ ತೊಳೆಯುವಾಗ ತಂತಿಯಿಂದ ಕೆದಕಿ ಬಿಳಿ ಪುಡಿಯ ಜೊತೆಗೇ ಕಸದ ಡಬ್ಬಿಗೆ ತಟ್ಟುತ್ತಾರೆ.